ಸೊನ್ನೆ ಡಿಗ್ರಿಯ ಆಸುಪಾಸಿನ ಬೋರ್ಡ್

ಕೆಲಸಕ್ಕೆಂದು ಸಿಯಾಟಲ್ ಕಡೆ ಹೊಸದಾಗಿ ಬಂದ ನಮ್ಮ ಕನ್ನಡದ ಹುಡುಗ ಹುಡುಗಿಯರು ನವೆಂಬರ್ ಬಂದರೆ ಸಾಕು, ನನಗೆ ಮೆಸೇಜ್ ಹಾಕಲು ಶುರು ಮಾಡುತ್ತಾರೆ. "ಅಕ್ಕಾ, ಈ ಸಲ ಸ್ವಂತ ಸ್ನೋಬೋರ್ಡ್ ತಗೋಬೇಕು ಅಂತಿದ್ದೀನಿ. ಯಾವ್ದು ಒಳ್ಳೇದು?" ಜೊತೆಗೆ ಮೂರ್ನಾಲ್ಕು ಲಿಂಕ್. ಎಲ್ಲದರ ಮೇಲೂ ಆಲ್-ಮೌಂಟನ್ ಅಂತ ಬರೆದಿರುತ್ತದೆ. ಪುಡಿ ಹಿಮದಲ್ಲಿ ತೇಲುತ್ತದಂತೆ, ಗಟ್ಟಿ ಹಿಮದಲ್ಲಿ ಕಚ್ಚಿ ಹಿಡಿಯುತ್ತದಂತೆ, ಜಿಗಿಯಲೆಂದೇ ದಿಬ್ಬ ಕಟ್ಟಿದ ಪಾರ್ಕಿನಲ್ಲಿ ಹಾರುತ್ತದಂತೆ. ಕಲಿಯುವವರಿಗೂ ಸೈ, ಪಳಗಿದವರಿಗೂ ಸೈ.

ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಬೆಟ್ಟಕ್ಕೆ ಹೋಗ್ತೀರಾ? ಎಷ್ಟು ಗಂಟೆಗೆ ಹೋಗ್ತೀರಾ? ಮೊದಲನೆಯದಕ್ಕೆ ಉತ್ತರ ಕೂಡಲೇ ಬರುತ್ತದೆ. ಎರಡನೆಯದಕ್ಕೆ, "ಗಂಟೆಗೂ ಬೋರ್ಡಿಗೂ ಏನಕ್ಕಾ ಸಂಬಂಧ?" ಅನ್ನುತ್ತಾರೆ. ಸಂಬಂಧ ಇದೆ. ಇಲ್ಲಿ ಅದೇ ಮುಖ್ಯ ಅಂತ ನನ್ನ ಲೆಕ್ಕ.

ಮೊದಲು ಇಲ್ಲಿನ ಹವೆ ಗೊತ್ತಿರಬೇಕು. ನಾನು ತೀರ್ಥಹಳ್ಳಿ ಕಡೆಯವಳು, ಹಾಗಾಗಿ ನನಗೆ ಇದು ಸಲೀಸಾಗಿ ಅರ್ಥವಾಯಿತು. ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿಯುತ್ತದೆ. ಘಟ್ಟ ದಾಟಿದ ಮೇಲೆ ಬಯಲುಸೀಮೆಗೆ ಸಿಗುವುದು ಅಷ್ಟಕ್ಕಷ್ಟೆ. ಇಲ್ಲೂ ಅದೇ ಕಥೆ. ಸಮುದ್ರ ಮಾತ್ರ ಪೆಸಿಫಿಕ್, ಘಟ್ಟ ಕ್ಯಾಸ್ಕೇಡ್ ಸಾಲು. ಮೋಡ ಪಡುವಣ ಮೈ ಮೇಲೆ ಇದ್ದಬದ್ದದ್ದನ್ನೆಲ್ಲ ಸುರಿದು, ಆಚೆ ವೆನಾಚಿ ಕಡೆ ಇಳಿಯುವಾಗ ಹಗುರಾಗಿರುತ್ತದೆ. ಉತ್ತರಕ್ಕಿರುವ ಮೌಂಟ್ ಬೇಕರ್ ಸ್ಕೀ ಏರಿಯಾದಲ್ಲಿ 1998-99ರ ಒಂದೇ ಸೀಸನ್‌ನಲ್ಲಿ 1,140 ಇಂಚು ಹಿಮ ಬಿತ್ತು. ಹೆಚ್ಚುಕಡಿಮೆ 29 ಮೀಟರ್. ಅದು ವಿಶ್ವದಾಖಲೆ.

ಇಷ್ಟು ಕೇಳಿದರೆ ಸ್ವರ್ಗ ಅನ್ನಿಸುತ್ತದೆ. ಆದರೆ ಎತ್ತರ ನೋಡಿ. ನಾವು ಹೆಚ್ಚಾಗಿ ಹೋಗುವ ಸ್ನೋಕ್ವಾಲ್ಮಿ ಪಾಸ್ ಇರುವುದು 3,022 ಅಡಿಯಲ್ಲಿ. ಅಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ ಎತ್ತರ! ಸ್ಟೀವನ್ಸ್ ಪಾಸ್ 4,061 ಅಡಿ. ಕೊಲೊರಾಡೊದ ಬ್ರೆಕನ್‌ರಿಡ್ಜ್‌ನಲ್ಲಿ ಲಿಫ್ಟ್ ಹತ್ತುವ ಜಾಗವೇ 9,600 ಅಡಿ. ಅಲ್ಲಿ ಹಿಮ ಒಣಗಿ ಪುಡಿಪುಡಿಯಾಗಿ ಬೀಳುತ್ತದೆ, ಬಿದ್ದಮೇಲೂ ಹಾಗೇ ಇರುತ್ತದೆ. ಇಲ್ಲಿ ಚಳಿಗಾಲದ ಮುಕ್ಕಾಲು ಪಾಲು ಉಷ್ಣಾಂಶ ಸೊನ್ನೆಯ ಅತ್ತಿತ್ತಲೇ ಓಲಾಡುತ್ತಿರುತ್ತದೆ. ಎರಡು ಡಿಗ್ರಿ ಇಳಿದರೆ ಹಿಮ, ಎರಡು ಡಿಗ್ರಿ ಏರಿದರೆ ಮಳೆ. ಬೀಳುವ ಹಿಮವೂ ನೀರು ತುಂಬಿಕೊಂಡು ಭಾರವಾಗಿರುತ್ತದೆ. ಇಲ್ಲಿಯವರು ಅದನ್ನು 'ಕ್ಯಾಸ್ಕೇಡ್ ಕಾಂಕ್ರೀಟ್' ಅಂತಲೇ ಕರೆಯುವುದು.

ಸ್ನೋಕ್ವಾಲ್ಮಿಯದ್ದು ಇನ್ನೂ ಒಂದು ತಮಾಷೆ. ಬೆಟ್ಟಸಾಲಿನ ಮೂಡಣ ಬಯಲಲ್ಲಿ ಚಳಿಗಾಲದಲ್ಲಿ ತಣ್ಣನೆ ಗಾಳಿ ನಿಂತಿರುತ್ತದೆ. ಅದು ಕಣಿವೆಯ ಕಿಂಡಿಯಲ್ಲಿ ನುಸುಳಿ ಪಾಸ್ ಕಡೆ ಬರುತ್ತದೆ. ಮೇಲೆ ಸಮುದ್ರದ ಬೆಚ್ಚನೆ ಗಾಳಿ, ಕೆಳಗೆ ಈ ತಣ್ಣನೆ ಗಾಳಿ. ಮೇಲಿಂದ ಮಳೆಯಾಗಿ ಬಿದ್ದದ್ದು ಕೆಳಗೆ ತಾಗಿದ ಕೂಡಲೇ ಐಸ್ ಆಗಿಬಿಡುತ್ತದೆ. ಚೇರ್‌ಲಿಫ್ಟಿನ ಸೀಟು, ನಿಮ್ಮ ಗಾಗಲ್ಸ್, ನಿನ್ನೆಯ ಚೆಂದದ ಹಿಮ, ಎಲ್ಲದಕ್ಕೂ ಗಾಜಿನ ಲೇಪ.

ಹಾಗಾಗಿ ಇಲ್ಲಿ 'ನಾನಾ ಬಗೆಯ ಹಿಮ' ಅಂದರೆ ಬೇರೆ ಬೇರೆ ಬೆಟ್ಟದ್ದು, ಬೇರೆ ಬೇರೆ ತಿಂಗಳದ್ದು ಅಂತಲ್ಲ. ಒಂದೇ ದಿನದ ಮಾತು. ಜನವರಿಯ ಒಂದು ಮಾಮೂಲಿ ಶನಿವಾರ ಸ್ಟೀವನ್ಸ್ ಪಾಸ್‌ನಲ್ಲಿ ಏನಾಗುತ್ತದೆ ಹೇಳುತ್ತೇನೆ. ಹಿಂದಿನ ಸಂಜೆ ಸ್ವಲ್ಪ ಮಳೆ ಬಿದ್ದಿದೆ, ರಾತ್ರಿ ಆಕಾಶ ತಿಳಿಯಾಗಿ ಚಳಿ ಹಿಡಿದಿದೆ. ಹಿಮ ಸಮಮಾಡುವ ಗ್ರೂಮರ್ ಯಂತ್ರ ಓಡಾಡಿ ಉಳುಮೆಯ ಗೆರೆ ಬಿಟ್ಟುಹೋಗಿದೆ, ಆ ಗೆರೆಗಳು ಹಾಗೇ ಹೆಪ್ಪುಗಟ್ಟಿವೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಇಳಿತ. ಬೋರ್ಡಿನ ಕೆಳಗೆ ಕರಕರ ಸದ್ದು, ಹಲ್ಲು ಕೂಡ ಅದುರುತ್ತದೆ. ಹನ್ನೊಂದರ ಹೊತ್ತಿಗೆ ಸೆವೆಂತ್ ಹೆವನ್ ಲಿಫ್ಟ್ ಹತ್ತಿದರೆ, ಮೇಲೆ ಗಾಳಿ ಹೊತ್ತು ತಂದು ಒತ್ತಿದ ಹಿಮ. ಒಂದು ಕಡೆ ಮೊಣಕಾಲು ಮುಳುಗುವಷ್ಟು ಮೆತ್ತಗೆ, ನಾಲ್ಕು ಮಾರು ದಾಟಿದರೆ ಹಲಗೆಯ ಹಾಗೆ ಗಟ್ಟಿ. ಊಟ ಮುಗಿಸಿ ಬೆಟ್ಟದ ಹಿಂಬದಿಯ ಮಿಲ್ ವ್ಯಾಲಿಗೆ ಹೋದರೆ, ಅದು ತೆಂಕಣಕ್ಕೆ ಮುಖ ಮಾಡಿದ ಇಳಿಜಾರು. ಬಿಸಿಲು ತಾಗಿ ಹಿಮ ಒದ್ದೆಯಾಗಿ ಕಾಲಿಗೆ ಅಂಟುತ್ತಿರುತ್ತದೆ. ಮೂರು ಗಂಟೆಗೆ ಮುಂಭಾಗಕ್ಕೆ ವಾಪಸ್ ಬಂದರೆ ದಿನವಿಡೀ ಜನ ಕಲಕಿದ ಗುಡ್ಡೆಗಳು. ಅಷ್ಟು ಹೊತ್ತಿಗೆ ತೊಡೆಯಲ್ಲಿ ಬೆಂಕಿ. ಆಮೇಲೆ ತುಂತುರು.

ವಿಡಿಯೋಗಳಲ್ಲಿ ಇದು ಯಾವುದೂ ಇರುವುದಿಲ್ಲ. ಅಲ್ಲಿ ಬರೀ ಸೊಂಟದ ಮಟ್ಟದ ಪುಡಿ ಹಿಮ, ನೀಲಿ ಆಕಾಶ. ಅದನ್ನು ನೋಡಿ ಮೂತಿ ಅಗಲದ, ಬಾಲ ಮೊಂಡಾದ ಪೌಡರ್ ಬೋರ್ಡ್ ತಗೊಂಡವರನ್ನು ನಾನು ಕಂಡಿದ್ದೇನೆ. ಪಾಪ, ಸೀಸನ್ನಿಗೆ ಒಂದೆರಡು ಸಲ ಅವರಷ್ಟು ಖುಷಿಪಡುವವರು ಇನ್ನೊಬ್ಬರಿಲ್ಲ. ಉಳಿದ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಿಮ್ಮಡಿಯ ಅಂಚಿನ ಮೇಲೆ ಜಾರಿಕೊಂಡು ಕೆಳಗೆ ಬರುತ್ತಿರುತ್ತಾರೆ.

ನನ್ನ ಅಭಿಪ್ರಾಯ ಇಷ್ಟೇ: ಒಂದೇ ಬೋರ್ಡ್ ಇಟ್ಟುಕೊಳ್ಳುವುದಾದರೆ ಬೆಳಗಿನ ಒಂಬತ್ತು ಗಂಟೆಗೂ ಮಧ್ಯಾಹ್ನದ ಮೂರು ಗಂಟೆಗೂ ಹೊಂದುವಂಥದ್ದನ್ನು ತಗೊಳ್ಳಿ. ನಡುವಿನ ಒಳ್ಳೆಯ ಹಿಮದಲ್ಲಿ ಯಾವ ಬೋರ್ಡಾದರೂ ಓಡುತ್ತದೆ.

ಒಂಬತ್ತು ಗಂಟೆಯ ಹಿಮಕ್ಕೆ ಬೇಕಾದದ್ದು ಹಿಡಿತ. ಅದು ಬೋರ್ಡಿನ ಬಾಗಿನಲ್ಲಿದೆ. ಅಂಗಡಿಗೆ ಹೋದಾಗ ಎರಡು ಬೋರ್ಡ್ ಇಳಿಸಿಕೊಂಡು ಸಮತಟ್ಟಾದ ನೆಲದ ಮೇಲೆ ಅಕ್ಕಪಕ್ಕ ಇಡಿ. ಬಗ್ಗಿ ಬದಿಯಿಂದ ನೋಡಿ. ಒಂದರಲ್ಲಿ ನಡು ನೆಲದಿಂದ ಕೆಲವು ಮಿಲಿಮೀಟರ್ ಮೇಲೆದ್ದಿರುತ್ತದೆ, ಮೂತಿ ಮತ್ತು ಬಾಲದ ಹತ್ತಿರ ನೆಲ ಮುಟ್ಟಿರುತ್ತದೆ. ಅದು ಕ್ಯಾಂಬರ್. ಇನ್ನೊಂದರಲ್ಲಿ ನಡು ನೆಲಕ್ಕೆ ಕೂತು, ಎರಡೂ ತುದಿ ಮೇಲೆದ್ದಿರಬಹುದು. ಅದು ರಾಕರ್. ಈಗ ಒಂದು ಕಾಗದದ ಚೂರು ತಗೊಂಡು ಬೋರ್ಡಿನ ಅಡಿಗೆ ಮೂತಿಯ ಕಡೆಯಿಂದ ತಳ್ಳಿ. ಎಲ್ಲಿ ತಡೆಯುತ್ತದೋ ಅಲ್ಲಿಂದ ಬೋರ್ಡ್ ನೆಲ ಮುಟ್ಟುತ್ತದೆ. ಬಾಲದ ಕಡೆಯಿಂದಲೂ ಹಾಗೇ ಮಾಡಿ. ಆಮೇಲೆ ಕ್ಯಾಂಬರ್ ಬೋರ್ಡಿನ ನಡುವನ್ನು ಅಂಗೈಯಿಂದ ಒತ್ತಿ. ಸ್ಪ್ರಿಂಗ್ ಹಾಗೆ ತಿರುಗಿ ಒತ್ತುತ್ತದೆ, ಅಲ್ವಾ? ನೀವು ಮೇಲೆ ನಿಂತಾಗ ಆ ಒತ್ತಡವೇ ಅಂಚಿನ ಉದ್ದಕ್ಕೂ ಹಂಚಿಕೊಂಡು ಮೂತಿಯಿಂದ ಬಾಲದ ತನಕ ಐಸನ್ನು ಹಿಡಿಯುತ್ತದೆ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಬಹುದು. ನೋಡಲಿ ಬಿಡಿ.

ಪೂರ್ತಿ ಕ್ಯಾಂಬರ್ ಬೋರ್ಡಿಗೂ ಒಂದು ಸಿಟ್ಟಿದೆ. ಅಂಚು ಮೂತಿಯ ತನಕ ನೆಲ ಕಚ್ಚಿರುವುದರಿಂದ ಕಾಲು ಸ್ವಲ್ಪ ಎಡವಿದರೂ ಅಂಚು ಸಿಕ್ಕಿಕೊಂಡು ಆಸಾಮಿಯನ್ನು ಎತ್ತಿ ಒಗೆಯುತ್ತದೆ. ಭಾರದ ಒದ್ದೆ ಹಿಮದಲ್ಲಿ ಮೂತಿ ಮುಳುಗುವುದೂ ಜಾಸ್ತಿ. 2000ರ ದಶಕದ ನಡುವಿನ ತನಕ ಹೆಚ್ಚುಕಡಿಮೆ ಎಲ್ಲ ಬೋರ್ಡೂ ಕ್ಯಾಂಬರೇ. ಆಮೇಲೆ ಇದೇ ವಾಷಿಂಗ್ಟನ್ ರಾಜ್ಯದ ಲಿಬ್ ಟೆಕ್ ಕಂಪನಿಯವರು ಬಾಳೆಹಣ್ಣಿನಂತೆ ಬಾಗಿದ ಸ್ಕೇಟ್ ಬನಾನಾ ಅನ್ನುವ ಬೋರ್ಡ್ ತಂದರು. ರಾಕರ್ ಗಾಳಿ ಬೀಸಿತು. ತಿರುಗಿಸಲು ಸಲೀಸು, ಬೀಳುವುದು ಕಡಿಮೆ. ಆದರೆ ಗಟ್ಟಿ ಹಿಮದಲ್ಲಿ ಕಾಲ ನಡುವಿನ ಒಂದೇ ಜಾಗದ ಮೇಲೆ ಗಿರಕಿ ಹೊಡೆಯುವ ಹಾಗಾಗುತ್ತದೆ. ಅದಕ್ಕೆ ಅವರು ಜೊತೆಗೆ ಕೊಟ್ಟ ಉಪಾಯ ಅಲೆಯಲೆಯಾದ ಅಂಚು, ಮ್ಯಾಗ್ನೆ-ಟ್ರಾಕ್ಷನ್. ನೇರ ಅಂಚಿನ ಬದಲು ಅಲ್ಲಲ್ಲಿ ಉಬ್ಬು. ಒಂದೊಂದು ಉಬ್ಬೂ ಐಸಿಗೆ ಬೇರೆ ಬೇರೆಯಾಗಿ ಕಚ್ಚುತ್ತದೆ. ಸೀಕ್ವಿಮ್ ಹತ್ತಿರದ ಕಾರ್ಲ್ಸ್‌ಬೋರ್ಗ್‌ನಲ್ಲಿ ಅವರ ಕಾರ್ಖಾನೆ ಇದೆ. ಇಲ್ಲಿನ ಹಿಮದಲ್ಲೇ ಓಡಾಡುವವರು ಮಾಡಿದ್ದು ಅಂತ ನನಗೂ ಅದರ ಮೇಲೆ ಸ್ವಲ್ಪ ಅಭಿಮಾನ.

ಈಗ ಅಂಗಡಿಯಲ್ಲಿ ಸಿಗುವ ಆಲ್-ಮೌಂಟನ್ ಬೋರ್ಡುಗಳು ಬಹುಪಾಲು ಇವೆರಡರ ಮಿಶ್ರಣ. ಅದರಲ್ಲೂ ಎರಡು ಜಾತಿ. ಒಂದರಲ್ಲಿ ಕಾಲುಗಳ ನಡುವೆ ರಾಕರ್, ಪಾದದ ಕೆಳಗೆ ಕ್ಯಾಂಬರ್. ಬರ್ಟನ್‌ನ ಫ್ಲೈಯಿಂಗ್ ವಿ, ಲಿಬ್ ಟೆಕ್‌ನ ಸಿ2 ಈ ಕಡೆಯವು. ಇನ್ನೊಂದರಲ್ಲಿ ಪಾದದ ಕೆಳಗೂ ನಡುವೆಯೂ ಕ್ಯಾಂಬರ್, ಮೂತಿಯಲ್ಲಿ ಮಾತ್ರ (ಕೆಲವದರಲ್ಲಿ ಬಾಲದಲ್ಲೂ) ಬೇಗ ಮೇಲೇಳುವ ರಾಕರ್. ಜೋನ್ಸ್‌ನ ಮೌಂಟನ್ ಟ್ವಿನ್, ಕ್ಯಾಪಿಟಾದ ಡಿಓಎ ಈ ಬಗೆಯವು. ಪೆಟ್ಟಿಗೆಯ ಮೇಲೆ ಎರಡಕ್ಕೂ 'ಹೈಬ್ರಿಡ್' ಅಂತಲೇ ಇರುತ್ತದೆ, ಓಡಿಸಿದರೆ ಅಜಗಜಾಂತರ. ನನ್ನ ಮತ ಎರಡನೆಯದಕ್ಕೆ. ಬೆಳಗಿನ ಐಸಿಗೆ ನಡುವಿನ ಕ್ಯಾಂಬರ್ ಇದೆ, ಮಧ್ಯಾಹ್ನದ ಗುಡ್ಡೆಗೆ ಮೂತಿ ಮೇಲೇಳುತ್ತದೆ. ಮೊದಲನೆಯದನ್ನೇ ಇಷ್ಟಪಡುವ ಗೆಳೆಯರೂ ಇದ್ದಾರೆ. ಅವರು ಮರಗಳ ನಡುವೆ ನುಸುಳಿಕೊಂಡು ಓಡಿಸುವವರು, ಚಕಚಕನೆ ತಿರುಗುವ ಬೋರ್ಡ್ ಬೇಕು ಅವರಿಗೆ. ಅದೂ ಸರಿಯೇ.

ಮರ ಅಂದಾಗ ಒಂದು ಮಾತು ಹೇಳಿಬಿಡುತ್ತೇನೆ, ಬೋರ್ಡಿಗೆ ಸಂಬಂಧ ಇಲ್ಲದಿದ್ದರೂ. ಇಲ್ಲಿ ದೊಡ್ಡ ಹಿಮ ಬಿದ್ದಾಗ ಫರ್ ಮರದ ಬುಡದಲ್ಲಿ, ಕೊಂಬೆಗಳ ಅಡಿ, ಕಾಣದ ಹೊಂಡ ಆಗಿರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದುಬರುವುದು ಬಲು ಕಷ್ಟ. ಸ್ಕೀ ಆದರೆ ಬಿದ್ದಾಗ ಬೂಟಿನಿಂದ ಕಳಚಿಕೊಳ್ಳುತ್ತದೆ, ಬೂಟನ್ನು ಸ್ನೋಬೋರ್ಡಿಗೆ ಬಿಗಿಯುವ ಬೈಂಡಿಂಗ್ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಮರಗಳೊಳಗೆ ಹೋದರೆ ಜೊತೆಗಾರರು ಕಣ್ಣಳತೆಯಲ್ಲಿರಬೇಕು. ಕೊರಳಲ್ಲಿ ಒಂದು ಸೀಟಿ ಇರಲಿ.

ಇನ್ನು ಗಡಸುತನ. ಮೂರು ಗಂಟೆಯ ಹಿಮಕ್ಕೆ ಇದೇ ಮುಖ್ಯ. ಬೋರ್ಡ್ ತೀರಾ ಬಳುಕಿದರೆ ಕಲಕಿದ ಗುಡ್ಡೆಗಳಿಗೆ ಬಡಿದಾಗಲೆಲ್ಲ ಮೂತಿ ಪಟಪಟ ಹೊಡೆದುಕೊಳ್ಳುತ್ತದೆ, ಅಷ್ಟೂ ಪೆಟ್ಟು ಮೊಣಕಾಲಿಗೆ. ತೀರಾ ಗಡಸಾದರೆ ದಣಿದ ಕಾಲಿನ ಮಾತು ಅದು ಕೇಳುವುದಿಲ್ಲ. ಕಂಪನಿಗಳು 1ರಿಂದ 10ರ ತನಕ ಅಂಕ ಕೊಡುತ್ತವೆ. ನಾನು 6ರ ಆಸುಪಾಸು ಅನ್ನುತ್ತೇನೆ, ಆದರೆ ಆ ಅಂಕವನ್ನು ಪೂರ್ತಿ ನಂಬಬೇಡಿ. ಎಲ್ಲರಿಗೂ ಸೇರಿದ ಅಳತೆಗೋಲು ಅಂತೊಂದಿಲ್ಲ, ಒಬ್ಬರ 6 ಇನ್ನೊಬ್ಬರ 4. ಬಾಲವನ್ನು ನೆಲಕ್ಕೂರಿ, ಮೂತಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ನಡುವನ್ನು ಒತ್ತಿ ನೋಡಿ. ಆಮೇಲೆ ಮೂತಿಯನ್ನು ಬಟ್ಟೆ ಹಿಂಡುವ ಹಾಗೆ ತಿರುಚಿ. ಇಲ್ಲಿನ ಹಿಮಕ್ಕೆ ಉದ್ದಕ್ಕೆ ಸ್ವಲ್ಪ ಗಡಸಾಗಿದ್ದು, ತಿರುಚಿದರೆ ಒಂಚೂರು ಬಿಟ್ಟುಕೊಡುವ ಬೋರ್ಡ್ ವಾಸಿ. ಕಾಲಿನ ತುದಿಯಿಂದಲೇ ತಿರುವು ಶುರು ಮಾಡಬಹುದು.

ಉದ್ದದ ವಿಷಯಕ್ಕೆ ಬಂದರೆ, ಬೋರ್ಡ್ ನಿಲ್ಲಿಸಿದರೆ ಗದ್ದಕ್ಕೆ ಬರಬೇಕು ಅನ್ನುವ ಹಳೇ ಲೆಕ್ಕವನ್ನು ದಯವಿಟ್ಟು ಬಿಟ್ಟುಬಿಡಿ. ಬೋರ್ಡಿಗೆ ನಿಮ್ಮ ಎತ್ತರ ಗೊತ್ತಾಗುವುದಿಲ್ಲ, ತೂಕ ಗೊತ್ತಾಗುತ್ತದೆ. ನಾನು 5 ಅಡಿ 2 ಇಂಚು, 62 ಕೆಜಿ. ಗದ್ದದ ಲೆಕ್ಕದಲ್ಲಿ ನನಗೆ 138ರ ಹತ್ತಿರದ ಬೋರ್ಡ್ ಬರುತ್ತದೆ. ತೂಕದ ಪಟ್ಟಿಯಲ್ಲಿ ನೋಡಿದರೆ 149. ಹನ್ನೊಂದು ಸೆಂಟಿಮೀಟರ್ ವ್ಯತ್ಯಾಸ ಅಂದರೆ ಅದು ಬೇರೆಯೇ ಬೋರ್ಡ್. ಒದ್ದೆ ಜಾಕೆಟ್ಟು, ಬೆನ್ನಿನ ಚೀಲ, ನೀರು, ಪುಳಿಯೋಗರೆ ಡಬ್ಬಿ ಎಲ್ಲ ಸೇರಿ ಇನ್ನೂ ಐದಾರು ಕೆಜಿ. ಭಾರದ ಹಿಮದಲ್ಲಿ ಉದ್ದದ ಬೋರ್ಡ್ ಕೈ ಹಿಡಿಯುತ್ತದೆ, ಹಾಗಾಗಿ ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ನಾನು ದೊಡ್ಡದರ ಕಡೆ. ಪಾರ್ಕಿನಲ್ಲಿ ಹಾರುವುದೇ ಮುಖ್ಯ ಅನ್ನುವವರು ಚಿಕ್ಕದರ ಕಡೆ ಹೋಗಲಿ.

ಅಗಲವನ್ನು ಯಾರೂ ನೋಡುವುದೇ ಇಲ್ಲ. ಅಂಗಡಿಯವರೂ ನಡುವಿನ ಅಗಲ ಇಷ್ಟು ಮಿಲಿಮೀಟರ್ ಅಂತ ಹೇಳಿ ಸುಮ್ಮನಾಗುತ್ತಾರೆ. ಆದರೆ ನಾವು ನಿಲ್ಲುವುದು ನಡುವಿನ ಮೇಲಲ್ಲ, ಬೈಂಡಿಂಗಿನ ಮೇಲೆ. ಅಲ್ಲಿ ಬೋರ್ಡ್ ಸ್ವಲ್ಪ ಅಗಲ. ಸುಲಭದ ಉಪಾಯ ಹೇಳುತ್ತೇನೆ. ಬೂಟು, ಕಾಲುಚೀಲ ಎರಡನ್ನೂ ಕಳಚಿ, ಬೋರ್ಡನ್ನು ಕಾರ್ಪೆಟ್ ಮೇಲಿಟ್ಟು, ಸ್ಕ್ರೂ ತೂತುಗಳಿರುವ ಜಾಗದಲ್ಲಿ ನಿಮ್ಮ ಬೈಂಡಿಂಗಿನ ಕೋನಕ್ಕೆ ಸರಿಯಾಗಿ ಬರಿಗಾಲಲ್ಲಿ ನಿಲ್ಲಿ. ಹೆಬ್ಬೆರಳು ಒಂದು ಅಂಚಿಗೆ, ಹಿಮ್ಮಡಿ ಇನ್ನೊಂದು ಅಂಚಿಗೆ ಸುಮಾರಾಗಿ ಬಂದರೆ ಅಗಲ ಸರಿ. ಬೂಟು ಹಾಕಿದಾಗ ಎರಡೂ ಕಡೆ ಒಂದೆರಡು ಸೆಂಟಿಮೀಟರ್ ಹೊರಗೆ ಬರುತ್ತದೆ, ಅದು ಬೇಕಾದದ್ದೇ. ಅದಕ್ಕಿಂತ ಜಾಸ್ತಿ ಬಂದರೆ ಕಡಿದಾದ ತಿರುವಿನಲ್ಲಿ ಬೂಟಿನ ಮೂತಿ ಹಿಮಕ್ಕೆ ತಾಗಿ ಅಂಚು ಕಳಚಿಕೊಳ್ಳುತ್ತದೆ. ಬೆರಳು ಅಂಚಿನಿಂದ ತೀರಾ ಒಳಗೇ ಉಳಿದರೆ ಬೋರ್ಡ್ ಏಳಿಸುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ, ಐಸಿನ ಮೇಲಂತೂ ಇನ್ನೂ ಕಷ್ಟ. ದೊಡ್ಡ ಪಾದದ ಗಂಡಸರು, ಅಮೆರಿಕದ ಲೆಕ್ಕದಲ್ಲಿ 11ರ ಮೇಲಿನ ಬೂಟಿನವರು, ವೈಡ್ ಅಂತ ಬರುವ ಬೋರ್ಡನ್ನೇ ನೋಡಬೇಕು.

ಹೆಂಗಸರ ಬೋರ್ಡ್, ಗಂಡಸರ ಬೋರ್ಡ್ ಅನ್ನುವ ವ್ಯತ್ಯಾಸವೂ ಬಹುಮಟ್ಟಿಗೆ ಇದೇ ಅಗಲ ಮತ್ತು ಗಡಸಿನದ್ದು. ಬಣ್ಣದ ಹೂವು ಬಳ್ಳಿ ಅದರ ಮೇಲೆ. ಸಣ್ಣ ಪಾದದ ಹುಡುಗನಿಗೆ ಬರ್ಟನ್‌ನ ಫೀಲ್‌ಗುಡ್ ಅಥವಾ ಗ್ನೂದ ಲೇಡೀಸ್ ಚಾಯ್ಸ್ ಚೆನ್ನಾಗಿ ಒಗ್ಗಬಹುದು. ತಗೊಳ್ಳುವ ಧೈರ್ಯ ಮಾಡುವ ಹುಡುಗರು ಮಾತ್ರ ಕಮ್ಮಿ. ದೊಡ್ಡ ಪಾದದ ಹೆಣ್ಣುಮಕ್ಕಳು ಗಂಡಸರ ಸಾಲಿನಲ್ಲಿ ಹುಡುಕುವುದು ಮಾಮೂಲಿ.

ಹಿಮ ನಿಜವಾಗಲೂ ಜೋರಾಗಿ ಬಿದ್ದ ದಿನ ಏನು ಮಾಡುವುದು? ಅದಕ್ಕೆ ಇನ್ನೊಂದು ಬೋರ್ಡ್ ಬೇಕಿಲ್ಲ, ಸ್ಕ್ರೂಡ್ರೈವರ್ ಸಾಕು. ಬಹಳಷ್ಟು ಬೋರ್ಡುಗಳಲ್ಲಿ ಸ್ಕ್ರೂ ತೂತುಗಳು ಎರಡು ಸೆಂಟಿಮೀಟರಿಗೆ ಒಂದರಂತೆ ಸಾಲಾಗಿರುತ್ತವೆ. ಬರ್ಟನ್ ಬೋರ್ಡುಗಳಲ್ಲಿ ತೂತಿನ ಬದಲು ಉದ್ದನೆಯ ಒಂದು ಸೀಳು ಇರುತ್ತದೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಎರಡೂ ಬೈಂಡಿಂಗನ್ನು ಒಂದು ತೂತು ಬಾಲದ ಕಡೆ ಸರಿಸಿದರೆ ಮುಂದೆ ಮೂತಿ ಉದ್ದವಾಗುತ್ತದೆ, ಹಿಮದ ಮೇಲೆ ತೇಲುತ್ತದೆ, ಹಿಂಗಾಲಿನ ತೊಡೆಗೂ ಕೆಲಸ ಕಡಿಮೆ. ಮೂತಿ ಬಾಲಕ್ಕಿಂತ ಸ್ವಲ್ಪ ಉದ್ದವಿರುವ, ಡೈರೆಕ್ಷನಲ್ ಟ್ವಿನ್ ಅನ್ನುವ ಆಕಾರದ ಬೋರ್ಡಾದರೆ ಇದು ಇನ್ನೂ ಚೆನ್ನಾಗಿ ನಡೆಯುತ್ತದೆ.

ಬೋರ್ಡಿನ ತಳಕ್ಕೆ ಸವರುವ ಮೇಣ, ಅಂದರೆ ವ್ಯಾಕ್ಸ್ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಆದರೆ ನಮ್ಮ ಹಿಮದಲ್ಲಿ ಬೋರ್ಡಿನಷ್ಟೇ ಅದೂ ಮುಖ್ಯ. ಒದ್ದೆ ಹಿಮದ ಮೇಲೆ ಓಡುವಾಗ ತಳದ ಅಡಿ ನೀರಿನ ಪೊರೆ ಕಟ್ಟಿ ಬೋರ್ಡನ್ನು ಹೀರಿ ಹಿಡಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಸಮತಟ್ಟು ಜಾಗದಲ್ಲಿ ಬ್ರೇಕ್ ಹಾಕಿದ ಹಾಗೆ ನಿಂತು, ಮೂಗು ಮುಂದಾಗಿ ಬೀಳುವುದು ಇದರಿಂದಲೇ. ಬೆಚ್ಚನೆ ಹವೆಗೆ ಅಂತ ಬರುವ ಮೆತ್ತನೆ ವ್ಯಾಕ್ಸ್ ಹಾಕಿ, ಕೆರೆದ ಮೇಲೆ ಗಟ್ಟಿ ಬ್ರಷ್‌ನಿಂದ ಮೂತಿಯಿಂದ ಬಾಲದ ಕಡೆಗೆ ಚೆನ್ನಾಗಿ ಉಜ್ಜಿ. ತಳದ ಸಣ್ಣ ಗೀರುಗಳು ತೆರೆದುಕೊಂಡು ನೀರಿಗೆ ದಾರಿ ಸಿಗುತ್ತದೆ. ಪ್ಲಾಸ್ಟಿಕ್ ಪುಡಿಯನ್ನು ಒತ್ತಿ ಮಾಡಿದ ಸಿಂಟರ್ಡ್ ತಳ ವ್ಯಾಕ್ಸನ್ನು ಚೆನ್ನಾಗಿ ಹೀರುತ್ತದೆ, ವೇಗವೂ ಜಾಸ್ತಿ, ಆದರೆ ಆಗಾಗ ಉಣಿಸುತ್ತಿರಬೇಕು. ಪ್ಲಾಸ್ಟಿಕ್ ಕರಗಿಸಿ ಹಾಳೆ ಮಾಡಿದ ಎಕ್ಸ್‌ಟ್ರೂಡೆಡ್ ತಳ ಅಗ್ಗ, ನಿಧಾನ, ತಕರಾರು ಕಡಿಮೆ. ವ್ಯಾಕ್ಸ್ ಹಾಕುವ ಸೋಮಾರಿತನ ಇದ್ದರೆ ಅಗ್ಗದ್ದೇ ಇರಲಿ, ಒಣಗಿದ ಸಿಂಟರ್ಡ್ ತಳಕ್ಕೆ ಕೊಟ್ಟ ದುಡ್ಡು ದಂಡ.

ಅಂಚನ್ನು ಹರಿತ ಮಾಡಿಸುವುದೂ ಹಾಗೇ. ಹಿಡಿತ ಇಲ್ಲ, ಬೋರ್ಡ್ ಬದಲಿಸಬೇಕು ಅಂತ ಬರುವವರ ಬೋರ್ಡಿನ ಅಂಚಿಗೆ ಉಗುರು ಎಳೆದು ನೋಡಿದರೆ, ಸಿಪ್ಪೆ ಕೂಡ ಏಳುವುದಿಲ್ಲ. ಅಷ್ಟು ಮೊಂಡು. ಒಂದು ಟ್ಯೂನಿಂಗ್ ಮಾಡಿಸಿದರೆ ಹಳೇ ಬೋರ್ಡೇ ಹೊಸದರ ಹಾಗೆ ಕಚ್ಚುತ್ತದೆ.

ದುಡ್ಡಿನ ಮಾತು. ನವೆಂಬರ್‌ನಲ್ಲಿ ಕೇಳುವವರಿಗೆಲ್ಲ ನಾನು ಕೊನೆಗೆ ಹೇಳುವುದು, ಬೋರ್ಡ್ ಈಗ ತಗೋಬೇಡಿ ಅಂತ. ಈ ಚಳಿಗಾಲ ಬಾಡಿಗೆಗೆ ತಗೊಂಡು ಓಡಿಸಿ. ಬೆಟ್ಟದ ಮೇಲಿನ ಅಂಗಡಿಗಳಲ್ಲಿ ಡೆಮೋ ಬೋರ್ಡ್ ಅಂತ ಕೊಡುತ್ತಾರೆ, ಮಾಮೂಲಿ ಬಾಡಿಗೆಗಿಂತ ಒಂಚೂರು ತುಟ್ಟಿ, ಆದರೆ ಈ ವರ್ಷದ ಒಳ್ಳೊಳ್ಳೆ ಬೋರ್ಡುಗಳೇ. ಒಂದನ್ನು ಬೆಳಿಗ್ಗೆ ಒಂಬತ್ತಕ್ಕೆ ತಗೊಳ್ಳಿ, ಸಾಧ್ಯವಾದರೆ ಅದನ್ನೇ ಮೂರು ಗಂಟೆಯ ತನಕ ಇಟ್ಟುಕೊಳ್ಳಿ. ಮಾರ್ಚ್ ಕೊನೆಗೆ ಅಂಗಡಿಗಳು ಬೆಲೆ ಇಳಿಸುತ್ತವೆ. ಮುಂದಿನ ವರ್ಷದ ಅದೇ ಬೋರ್ಡಿಗೆ ಎಷ್ಟೋ ಸಲ ಮೇಲಿನ ಚಿತ್ರ ಬಿಟ್ಟರೆ ಬೇರೇನೂ ಬದಲಾಗಿರುವುದಿಲ್ಲ. ಆ ಹೊತ್ತಿಗೂ ಇಲ್ಲಿ ಇನ್ನೊಂದಷ್ಟು ವಾರಗಳ ಹಿಮ ಬಾಕಿ ಇರುತ್ತದೆ.

ಬೂಟಿಗೆ ಮಾತ್ರ ಮಾರ್ಚ್ ತನಕ ಕಾಯಬೇಡಿ, ಅದನ್ನು ಈಗಲೇ ತಗೊಳ್ಳಿ. ಬಾಡಿಗೆ ಬೂಟು ಹತ್ತಾರು ಕಾಲು ಕಂಡು ಸಡಿಲಾಗಿರುತ್ತದೆ. ಒಳಗೆ ಹಿಮ್ಮಡಿ ಮೇಲೆ ಕೆಳಗೆ ಆಡುತ್ತಿದ್ದರೆ ಯಾವ ಬೋರ್ಡಿನ ಗುಣವೂ ನಿಮಗೆ ತಿಳಿಯುವುದಿಲ್ಲ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ಒಂದೇ ತೆಳ್ಳನೆಯ ಕಾಲುಚೀಲ ಹಾಕಿಕೊಂಡು ಅಂಗಡಿಗೆ ಹೋಗಿ. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು. ಒಂದರ್ಧ ಗಂಟೆ ಅಂಗಡಿಯೊಳಗೇ ಓಡಾಡಿ. ಮಾರ್ಚ್‌ನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಅಂತ ಕಾದರೆ, ಕಪಾಟಿನಲ್ಲಿ ಉಳಿದಿರುವುದು ಬೇರೆಯವರ ಕಾಲಿನ ಅಳತೆಯದ್ದು.